ಬೊಗಳದ ನಾಯಿಗೆ ಬಂದ ಗಿರಾಕಿ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹಲಸೂರಿನ ಸಮೀಪದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ಪಶುವೈದ್ಯೆಯಾಗಿದ್ದೆ. ಗಾಯಗೊಂಡ ನಾಯಿಗಳಿಗೆ ಚಿಕಿತ್ಸೆ ಕೊಡುವುದೇ ನನ್ನ ಕೆಲಸವೆಂದು ಸೇರುವಾಗ ಅಂದುಕೊಂಡಿದ್ದೆ. ಆದರೆ ಬಹುಪಾಲು ಹೊತ್ತು ಹೋದದ್ದು ಮುದಿ ನಾಯಿಗಳನ್ನು ಬಿಟ್ಟುಹೋಗುವವರ ಸಬೂಬು ಕೇಳುವುದರಲ್ಲಿ. ಟ್ರಾನ್ಸ್‌ಫರ್ ಆಗಿದೆ, ಮಗುವಿಗೆ ಅಲರ್ಜಿ, ಫ್ಲ್ಯಾಟಿನವರು ಒಪ್ಪುವುದಿಲ್ಲ. ಕೇಳಿ ಕೇಳಿ ಸಿಟ್ಟೂ ಬಾರದಷ್ಟು ದಣಿದಿದ್ದೆ.

ಡ್ಯೂಕ್ ಬಂದದ್ದು ಬೆನ್ಸನ್ ಟೌನಿನ ಬಂಗಲೆಯೊಂದರಿಂದ. ಮನೆ ಮಾರಿದವರು ನಾಯಿಯನ್ನು ನಮ್ಮ ಗೇಟಿಗೆ ತಂದು ಬಿಟ್ಟುಹೋದರು. ಹಲ್ಲು ಸವೆದಿತ್ತು, ಕಿವಿ ಮಂದ, ಹಿಂಗಾಲುಗಳಲ್ಲಿ ಆರ್ಥ್ರೈಟಿಸ್, ಅಂದರೆ ಕೀಲುಗಳ ಸವೆತ. ಬೊಗಳುವುದನ್ನು ಮರೆತೇಬಿಟ್ಟಿತ್ತು. ನೋಡಲು ಬಂದವರೆಲ್ಲ ಮರಿಗಳ ಕಡೆ ಹೋದರು. ಸಿಮೆಂಟು ನೆಲದ ಥಂಡಿಗೆ ಅದಕ್ಕೆ ಏಳುವುದೇ ಕಷ್ಟವಾಗಿ, ಕೊನೆಗೆ ಊಟ ಬಿಟ್ಟಿತು. ಊಟ ಬಿಟ್ಟ ಮುದಿ ನಾಯಿಗೆ ಕೊನೆಯ ಇಂಜೆಕ್ಷನ್ ಕೊಡುವ ಪದ್ಧತಿ ನಮ್ಮಲ್ಲಿತ್ತು. ಸೋಮವಾರ ಕೊಡುವುದೆಂದು ನಿರ್ಧಾರವಾಯಿತು. ಕೊಡಬೇಕಾದವಳು ನಾನು.

ಭಾನುವಾರ ರಾಮಮೂರ್ತಿ ನಗರದ ಮುನಿರಾಜು ಬಂದರು. ಅಪ್ಪನ ಕಾಲದ ರಾಗಿ ಹೊಲದಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದ, ಐವತ್ತು ದಾಟಿದ ಮನುಷ್ಯ.

"ನಾಯಿ ಬೇಕಿತ್ತು ಮೇಡಂ. ಬೊಗಳ್ಬಾರ್ದು," ಎಂದರು.

ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. "ಬೊಗಳ್ದೇ ಇರೋ ನಾಯಿ ಯಾಕ್ರೀ?" ಎಂದೆ.

"ಬಾಡಿಗೆಯೋರು ಡ್ರೈವರ್‌ಗಳು. ರಾತ್ರಿ ಡ್ಯೂಟಿ ಮಾಡಿ ಹಗಲು ಮಲಗ್ತಾರೆ. ಬೊಗಳಿದ್ರೆ ಜಗಳಕ್ಕೆ ಬರ್ತಾರೆ. ಹಂಗಂತ ಅಂಗಳದಲ್ಲಿ ನಾಯಿ ಇಲ್ದೆ ನಂಗೆ ಊಟ ಸೇರಲ್ಲ."

ಡ್ಯೂಕನ್ನು ತೋರಿಸಿದೆ. ಅವರು ಪಂಚೆ ಎತ್ತಿಕಟ್ಟಿ ಅದರ ಪಕ್ಕ ಕೂತು ಹಿಂಗಾಲು ನೀವಿದರು. "ಏನ್ ಯಜಮಾನ್ರೇ, ಬರ್ತೀರಾ?" ಎಂದರು. ನಾಯಿ ಅವರ ಕೈ ಮೂಸಿ, ಕೊಟ್ಟ ಬಿಸ್ಕತ್ತು ತಿಂದಿತು.

ಮುದಿ ನಾಯಿ ಮನೆಯೊಳಗೇ ಮಲಗಬೇಕೆಂಬುದು ನಮ್ಮ ಕಟ್ಟುನಿಟ್ಟಿನ ನಿಯಮ. ಒಳಗೆ ಮಲಗಿಸುತ್ತೀರಾ ಎಂದು ಕೇಳಿದೆ. ಅವರು "ನೋಡ್ಕೋತೀನಿ" ಎಂದರು. ಅದು ಒಪ್ಪಿಗೆಯಲ್ಲವೆಂದು ಗೊತ್ತಾಯಿತು. ಆದರೂ ಇಂಜೆಕ್ಷನ್‌ಗಿಂತ ವಾಸಿ ಎಂದು ಕಳಿಸಿಕೊಟ್ಟೆ.

ನಾಯಿ ಕೊಟ್ಟ ಮೇಲೆ ಹೇಳದೆ ಕೇಳದೆ ಮನೆಗೆ ಹೋಗಿ ನೋಡುವುದೂ ನಮ್ಮ ಕ್ರಮ. ಡಿಸೆಂಬರ್ ಚಳಿಯಲ್ಲಿ ಒಂದು ಬೆಳಗ್ಗೆ ಹೋದೆ. ಡ್ಯೂಕ್ ಹೊರಗೆ ಜಗಲಿಯ ಮೇಲೆ ಮಲಗಿತ್ತು. ನನಗೆ ರೇಗಿಹೋಯಿತು. ಬಾಗಿಲಲ್ಲಿ ನಿಂತಿದ್ದ ಮುನಿರಾಜು ಅವರ ತಾಯಿಗೆ, ನಾಯಿಯನ್ನು ವಾಪಸು ಒಯ್ಯುತ್ತೇನೆ ಎಂದೆ. ಒಯ್ದರೆ ಅದಕ್ಕೆ ಏನು ಕಾದಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ದೇವ್ರು ದೀಪ ಇರೋ ಮನೆ ಕಣಮ್ಮ. ನಾಯಿ ಹೊಸ್ಲು ದಾಟಂಗಿಲ್ಲ," ಎಂದರು ಆಕೆ. "ಬೇಕಾದ್ರೆ ಆ ಬೆಪ್ಪನ್ನ ಕೇಳು."

ಆಗ ನಾಯಿಯ ಆಚೆ ಕಂಬಳಿಯೊಂದು ಅಲುಗಿ, ಮುನಿರಾಜು ಎದ್ದು ಕೂತರು. ಗಾಳಿ ತಡೆಯಲು ಜಗಲಿಗೆ ಟಾರ್ಪಾಲು ಕಟ್ಟಿದ್ದರು. ತಮ್ಮ ಹಾಸಿಗೆಯನ್ನು ನಾಯಿಗೆ ಹಾಸಿ, ತಾವು ಚಾಪೆಗೆ ಇಳಿದಿದ್ದರು.

"ಅಮ್ಮ ಒಪ್ಪಲಿಲ್ಲ ಮೇಡಂ. ಅದಕ್ಕೆ ನಾನೇ ಹೊರಗೆ ಬಂದ್ಬಿಟ್ಟೆ."

ಅಷ್ಟು ದಿನದ ಸುಸ್ತು ಒಟ್ಟಿಗೆ ಬಂದಂತಾಗಿ ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಅಳುವೂ ಬಂತು. ತಾಯಿ ಒಳಗಿನಿಂದ ಕಾಫಿ ತಂದುಕೊಟ್ಟರು.

ಡ್ಯೂಕ್ ಮುಂದಿನ ಬೇಸಿಗೆ ಮುಗಿಯುವವರೆಗೆ ಬದುಕಿತು. ಅದು ಹೋದ ಮೇಲೆ ಮುನಿರಾಜು ಫೋನ್ ಮಾಡಿದರು. "ಒಳಗೆ ನಿದ್ದೆ ಬರ್ತಿಲ್ಲ ಮೇಡಂ. ಇನ್ಯಾರಾದ್ರೂ ಯಜಮಾನ್ರು ಇದ್ದಾರಾ?"

ಇದ್ದರು. ನಮ್ಮಲ್ಲಿ ಯಾವಾಗಲೂ ಇರುತ್ತಿದ್ದರು.

ಆ ಮನೆಯಿಂದ ನಾನು ಕಲಿತದ್ದು ಒಂದು ಪ್ರಶ್ನೆ. ನಿವೃತ್ತಿಯವರೆಗೂ, ಮುದಿ ನಾಯಿ ಒಯ್ಯಲು ಬಂದವರಿಗೆ ಒಳಗೆ ಬಿಡುತ್ತೀರಾ ಎಂದು ನಾನು ಮತ್ತೆ ಕೇಳಲಿಲ್ಲ. ರಾತ್ರಿ ಇದರ ಪಕ್ಕ ಯಾರು ಮಲಗುತ್ತೀರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಬರುತ್ತೇವೆ ಎಂದು ಹೊರಟುಹೋಗುತ್ತಿದ್ದರು.