ಬಿಗಿ ಬಡಗಿಯ ಆರು ಕೋಳಿಗಳು

ಬಿಗಿ ಬಡಗಿ ಕೂರಿಸಿದ ಬಾಗಿಲಾದರೆ ಇರುವೆ ಕೂಡ ತಟ್ಟಿಯೇ ಒಳಗೆ ಹೋಗಬೇಕು ಅನ್ನುತ್ತಿದ್ದರು ಅಕ್ಕಪಕ್ಕದವರು. ಅವನು ಕೂರಿಸಿದ ಕಿಟಕಿಯ ಪಕ್ಕ ದೀಪ ಇಟ್ಟರೆ ಹೊರಗೆ ಬಿರುಗಾಳಿ ಎದ್ದರೂ ಕುಡಿ ಅಲುಗದು ಅನ್ನುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗಾದ್ರೆ ಈ ಬೀದೀಲಿ ಅವನೇ ಸಾಹುಕಾರ" ಅಂತ ಸೇರಿಸುತ್ತಿದ್ದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಅವನದು ಕೊನೆಯ ಕೈ. ಉಳಿದವರು ಕೊಯ್ದು, ಉಜ್ಜಿ, ಜೋಡಿಸಿದ ಮೇಲೆ ಅವನು ಒಂದು ತೆಳು ಕಾಗದದ ಚೂರನ್ನು ಸಂದಿಯ ಹತ್ತಿರ ಹಿಡಿಯುತ್ತಿದ್ದ. ಕಾಗದ ಕೂದಲೆಳೆಯಷ್ಟು ನಡುಗಿದರೂ ಸಾಕು, ಬಾಗಿಲು ಮತ್ತೆ ಉಜ್ಜುಗೊರಡಿನ ಕೆಳಗೆ ಹೋಗುತ್ತಿತ್ತು. ನಲವತ್ತು ವರ್ಷ ಹೀಗೆ ಗಾಳಿಯ ಮೇಲೆ ಹಗೆ ಸಾಧಿಸಿಕೊಂಡು ಬಂದವನು.

ಮನೆ ಕಾರ್ಖಾನೆಯವರು ಕೊಟ್ಟದ್ದು. ಸಾಲಿನ ಕೊನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗಳ. ಅದರಲ್ಲಿ ಅವನು, ಅವನ ಅಕ್ಕ. ಗಂಡ ಸತ್ತ ಮೇಲೆ ಅಕ್ಕ, "ನಿನಗೊಂದು ಮದುವೆ ಆಗೋ ತನಕ ಅನ್ನ ಬೇಯಿಸಿ ಹಾಕ್ತೀನಿ" ಅಂತ ಬಂದಿದ್ದಳು. ಇವನಿಗೆ ಮದುವೆಯೂ ಆಗಲಿಲ್ಲ, ಅವಳು ಹೊರಡಲೂ ಇಲ್ಲ. ಇಪ್ಪತ್ತೆರಡು ವರ್ಷ ಕಳೆದೇ ಹೋಯಿತು. ಆ ಮನೆಯ ಮಾತೆಲ್ಲ ಅಕ್ಕನದೇ. ಒಲೆಯನ್ನು ಬೈಯುತ್ತಿದ್ದಳು, ಪೊರಕೆಯನ್ನು ಮೂದಲಿಸುತ್ತಿದ್ದಳು, ಹಿಂದಿನ ಅಂಗಳಕ್ಕೆ ಹೋದರೆ ತನ್ನ ಆರು ಕೋಳಿಗಳ ಜೊತೆ ಸಂಸಾರದ ಸುದ್ದಿ ಆಡುತ್ತಿದ್ದಳು.

"ನಾತ," ಅನ್ನುತ್ತಿದ್ದ ಇವನು.

"ನಿನ್ನ ಬಾಯಿಗಿಂತ ವಾಸಿ ಕಣೋ. ಕೇಳಿದ್ರೆ ಕೊಕ್ ಅಂತಾದ್ರೂ ಅಂತಾವೆ."

ಕೋಳಿಗೂಡನ್ನೂ ಅವಳೇ ಹೊಡೆದುಕೊಂಡಿದ್ದಳು, ಕಾರ್ಖಾನೆಯ ಒಡಕು ಹಲಗೆಗಳನ್ನು ತಂದು. ತಮ್ಮ ಮಾಡಿಕೊಡಲಿಲ್ಲ. "ಊರಿಗೆಲ್ಲ ಬಾಗಿಲು ಮಾಡೋ ತಮ್ಮ ಇದ್ದೂ ನನ್ನ ಕೈಗೆ ಸುತ್ತಿಗೆ ಬಂತಲ್ಲ" ಅಂತ ಮೊಳೆಗೊಂದು ಮಾತು ಹೊಡೆದು ಮುಗಿಸಿದ್ದಳು.

ಎಲೆ ಉದುರುವ ಕಾಲದಲ್ಲಿ ಅಕ್ಕ ಮೂರು ದಿನ ಜ್ವರದಲ್ಲಿ ಮಲಗಿ ತೀರಿಕೊಂಡಳು. ಬಂದವರು ಬಂದು ಹೋದರು. ಆಮೇಲೊಂದು ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ತಣ್ಣಗಾದ ಲೋಟ ಹಿಡಿದು ಕೂತಿದ್ದಾಗ ಹಿಂಬಾಗಿಲಲ್ಲಿ ಗೀರುವ ಸದ್ದಾಯಿತು. ತೆರೆದು ನೋಡಿದರೆ ಆರೂ ಕೋಳಿ ಕತ್ತು ಓರೆ ಮಾಡಿ ನಿಂತಿವೆ. ಅವು ಅವನನ್ನು ನೋಡಲಿಲ್ಲ. ಅವನ ಹಿಂದೆ ಯಾರಾದರೂ ಬರುತ್ತಾರೇನೋ ಅಂತ ನೋಡಿದವು.

ಅವನೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ.

ಆ ಚಳಿಗಾಲ ಮುಗಿದರೆ ಅವನ ಕೆಲಸವೂ ಮುಗಿಯುತ್ತಿತ್ತು, ಮನೆ ಬಿಟ್ಟುಕೊಡಬೇಕಿತ್ತು. ತಂಗಿಯ ಮಗಳು ದೂರದ ಊರಿನಿಂದ ಕಾಗದ ಬರೆದಿದ್ದಳು: "ಮಾವ, ನೀನು ಬಂದುಬಿಡು. ನಾಲ್ಕನೇ ಮಹಡಿ, ಕೋಳಿ ಮಾತ್ರ ಬೇಡ." ಮೂಲೆಯ ಮಾಂಸದಂಗಡಿಯವನಿಗೆ ಅದು ಹೇಗೋ ಗೊತ್ತಾಗಿ, "ಯಜಮಾನ್ರೇ, ಈಗ್ಲೇ ಕೊಟ್ಬಿಡಿ. ಚಳೀಲಿ ಇಳಿದು ಬರೀ ಪುಕ್ಕ ಉಳಿಯುತ್ತೆ" ಅಂದ. ಬಡಗಿ ರಸ್ತೆಯ ಆಚೆ ಬದಿಗೆ ದಾಟಿದ. ಅಂದಿನಿಂದ ಆಚೆ ಬದಿಯಲ್ಲೇ ಓಡಾಡಿದ.

ಹಿಂದಿನ ಗೋಡೆಯಾಚೆ ನರ್ಸಮ್ಮ ಇದ್ದಳು. ಆಸ್ಪತ್ರೆಯಲ್ಲಿ ಕೆಲಸ, ಮನೆಯಲ್ಲಿ ಹನ್ನೆರಡು ಕೋಳಿ, ಅಕ್ಕನಿಗೆ ಗೋಡೆಯ ಮೇಲಿನ ಗೆಳತಿ. ಒಂದು ದಿನ ಗೋಡೆಯ ಮೇಲೆ ತಲೆ ಹಾಕಿ ಅಂದಳು: "ಅಣ್ಣ, ಈಗ ನನ್ನ ಗೂಡಲ್ಲಿ ಜಾಗ ಇಲ್ಲ. ಚಳಿಗಾಲ ಒಂದು ದಾಟಿಸಿಬಿಡಿ, ಆಮೇಲೆ ಆರನ್ನೂ ನಾನೇ ಇಟ್ಕೋತೀನಿ. ಆದ್ರೆ ಸೀನೋ ಕೋಳಿ ಮಾತ್ರ ತರಬೇಡಿ. ನನ್ನವಕ್ಕೂ ಹತ್ತುತ್ತೆ."

"ಹೂಂ," ಅಂದ.

ಅಕ್ಕನ ಸೀರೆಗಳನ್ನು ಯಾರೋ ಒಯ್ದಿದ್ದರು, ಪಾತ್ರೆಗಳು ಬರೀ ಪಾತ್ರೆಗಳಾಗಿದ್ದವು. ಅವಳದು ಅಂತ ಉಸಿರಾಡಿಕೊಂಡು ಉಳಿದಿದ್ದದ್ದು ಈ ಆರೇ. ಅವನ್ನು ಚಳಿ ದಾಟಿಸಬೇಕು. ಬಡಗಿ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಬೇರೇನನ್ನೂ ಬಯಸಿರಲಿಲ್ಲ.

ಮೊದಲು ಕೋಳಿಗಳನ್ನು ನೋಡಿ ಕಲಿತ. ರಾತ್ರಿ ಕೂರಲು ಅಕ್ಕ ಒಂದು ಗುಂಡು ಕೋಲು ಅಡ್ಡಕ್ಕೆ ಕಟ್ಟಿದ್ದಳು. ಚಳಿ ಏರಿದಂತೆ ಕುಂಟಿ ಅನ್ನುವ ಕೋಳಿ ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ಒದ್ದಾಡುವುದು ಕಂಡಿತು. ಕೋಲಿನ ಬದಲು ಅಂಗೈ ಅಗಲದ ಹಲಗೆಯನ್ನು ನುಣ್ಣಗೆ ಉಜ್ಜಿ ಕೂರಿಸಿದ. ಅಂದು ಸಂಜೆ ಕುಂಟಿ ಹಲಗೆಯ ಮೇಲೆ ಕಾಲು ಚಪ್ಪಟೆಯಾಗಿ ಊರಿ, ಹೊಟ್ಟೆಯ ಗರಿ ಇಳಿಬಿಟ್ಟು ಬೆರಳುಗಳನ್ನೆಲ್ಲ ಮುಚ್ಚಿಕೊಂಡು ಕೂತಿತು. ಬೆಳಿಗ್ಗೆ ಬೋಗುಣಿಯ ನೀರು ಕಲ್ಲಾಗಿರುತ್ತಿತ್ತು. ಒಡೆದು ಬಿಸಿನೀರು ಹೊಯ್ಯುತ್ತಿದ್ದ. ಹೊತ್ತು ಮುಳುಗುವ ಮುಂಚೆ ಒಂದೊಂದು ಹಿಡಿ ಮುಸುಕಿನ ಜೋಳ ಎರಚುತ್ತಿದ್ದ, ಹೊಟ್ಟೆ ತುಂಬಿದ್ದರೆ ಮೈ ಬಿಸಿ ಇರುತ್ತದೆ ಅಂತ.

ಆಮೇಲೆ ಅವನ ಕಣ್ಣು ಗೂಡಿನ ಮೇಲೆ ಬಿತ್ತು. ಹಲಗೆ ಹಲಗೆಯ ನಡುವೆ ಬಿರುಕು. ಅದೂ ಸಾಲದೆಂದು ಮೇಲೆ, ಸೂರಿನ ಕೆಳಗೆ, ಉದ್ದಕ್ಕೂ ಮೂರು ಬೆರಳಿನಷ್ಟು ಸಂದಿ. ಹೆಂಗಸಿನ ಅಳತೆ, ಹಲಗೆ ಸಾಲದೆ ಬಂದಿರಬೇಕು ಅಂದುಕೊಂಡ. ಒಂದು ವಾರ, ಸಂಜೆ ಕಾರ್ಖಾನೆಯಿಂದ ಬಂದ ಮೇಲೆ ಅದೇ ಕೆಲಸ. ಬಿರುಕುಗಳಿಗೆ ಪಟ್ಟಿ ಹೊಡೆದ, ಪಟ್ಟಿಯ ಅಂಚಿಗೆ ಉಣ್ಣೆ ತುರುಕಿದ, ಸೂರಿನ ಕೆಳಗಿನ ಸಂದಿಯನ್ನು ಒಂದೇ ಉದ್ದದ ಹಲಗೆಯಿಂದ ಮುಚ್ಚಿದ. ಕೊನೆಗೆ ಒಳಗೆ ಕುಕ್ಕರಗಾಲಲ್ಲಿ ಕೂತು ಕಾಗದದ ಚೂರು ಹಿಡಿದ. ಅಲುಗಲಿಲ್ಲ.

"ನೋಡು," ಅಂದ. ಯಾರಿಗೆ ಅಂದದ್ದೋ, ಅವನಿಗೇ ಗೊತ್ತಾಗಲಿಲ್ಲ. ಜಗಳಗಂಟಿ ಅನ್ನುವ ಕೆಂದು ಕೋಳಿ ಅವನ ಕಾಲುಚೀಲ ಕುಕ್ಕಿತು.

ಹತ್ತು ದಿನ ಚೆನ್ನಾಗಿಯೇ ಇತ್ತು. ಆಮೇಲೊಂದು ಬೆಳಿಗ್ಗೆ ಗೂಡು ತೆರೆದರೆ ಒಳಗೋಡೆಯೆಲ್ಲ ಬೆವರಿದೆ, ಮೇಲೆ ಬೆವರು ಹೆಪ್ಪುಗಟ್ಟಿ ಮುಳ್ಳು ಮುಳ್ಳಾಗಿ ನಿಂತಿದೆ. ಮಹಾರಾಣಿ ಅನ್ನುವ ಕೋಳಿಯ ತಲೆಯ ಕೆಂಪು ಜುಟ್ಟಿನ ತುದಿ ಕಪ್ಪಾಗಿತ್ತು. ಚಳಿ ಇನ್ನೂ ಎಲ್ಲಿಂದಲೋ ನುಗ್ಗುತ್ತಿದೆ ಅಂತ ಅವನು ಗೂಡಿನ ಸುತ್ತ ಗೋಣಿ ಹೊದಿಸಿದ. ಬೂದಿ ಬಣ್ಣದ ಕೋಳಿ ಸೀನತೊಡಗಿತು. ಗೋಣಿಯ ಮೇಲೆ ತನ್ನ ಕಂಬಳಿಯನ್ನೂ ಹೊದಿಸಿ, ರಾತ್ರಿಯೆಲ್ಲ ಕೋಟು ಹೊದ್ದು ತಾನು ಮುದುಡಿಕೊಂಡ. ಬೆಳಿಗ್ಗೆ ಜಗಳಗಂಟಿ ಹಲಗೆಯ ಕೆಳಗೆ ಕಾಲು ಚಾಚಿ ಬಿದ್ದಿತ್ತು.

ಅದನ್ನು ಅಂಗಳದ ಮೂಲೆಯಲ್ಲಿ ಹೂಳಲು ಹೋದರೆ ನೆಲ ಕಬ್ಬಿಣ. ಗುದ್ದಲಿ ಟಣ್ ಅಂದಿತು. ಅರ್ಧ ಗಂಟೆ ಒಡೆದು ಒಂದು ಗೇಣು ಗುಂಡಿ ಮಾಡಿದ. ಮುಚ್ಚಿದ ಮೇಲೆ ಕೈ ತೊಳೆಯದೆ, ಸೀನುತ್ತಿದ್ದ ಬೂದಿ ಕೋಳಿಯನ್ನು ಕೋಟಿನೊಳಗೆ ಸೇರಿಸಿಕೊಂಡು ಬೀದಿ ಸುತ್ತಿ ನರ್ಸಮ್ಮನ ಮನೆಗೆ ಹೋದ. ಊರಿನ ಎಷ್ಟೋ ಬಾಗಿಲು ಅವನ ಕೈ ದಾಟಿ ಬಂದದ್ದು, ಆದರೆ ಕೆಲಸವಿಲ್ಲದೆ ಒಬ್ಬರ ಬಾಗಿಲು ತಟ್ಟಿದ್ದು ಅದೇ ಮೊದಲು.

ನರ್ಸಮ್ಮ ಕೋಳಿಯ ಮೂಗು ನೋಡಿದಳು, ರೆಕ್ಕೆ ಎತ್ತಿ ನೋಡಿದಳು. ಶಾಲು ಸುತ್ತಿಕೊಂಡು ಅವನ ಹಿಂದೆಯೇ ಬಂದಳು. ಗೂಡಿನೊಳಗೆ ತಲೆ ಹಾಕಿದವಳು ತಕ್ಷಣ ಹೊರಗೆ ಎಳೆದುಕೊಂಡಳು. ಕಣ್ಣಲ್ಲಿ ನೀರು.

"ಅಣ್ಣ, ಒಳಗೆ ಕಣ್ಣು ಉರಿಯುತ್ತಲ್ಲ. ಮೇಲೊಂದು ಸಂದಿ ಇತ್ತಲ್ಲ, ಎಲ್ಲಿ?"

"ಮುಚ್ಚಿದೆ."

"ಯಾಕೆ?"

"ಗಾಳಿ ಬರುತ್ತೆ ಅಂತ."

"ಗಾಳಿ ಬರಲಿ ಅಂತಾನೇ ಅಕ್ಕ ಬಿಟ್ಟಿದ್ದು. ಕೋಳಿಗೆ ಮೈ ತುಂಬ ಗರಿ ಇದೆ, ಒಣ ಚಳೀನ ತಡ್ಕೊಳ್ಳುತ್ತೆ. ತೇವ ತಡ್ಕೊಳ್ಳಲ್ಲ. ರಾತ್ರಿಯೆಲ್ಲ ಉಸಿರು ಬಿಡ್ತಾವೆ, ಹಿಕ್ಕೆ ಹಾಕ್ತಾವೆ. ಆ ಹಸಿ ಎಲ್ಲಿ ಹೋಗಬೇಕು? ಅದೇ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟೋದು." ಕೈಯನ್ನು ಸೂರಿನತ್ತ ಎತ್ತಿ ತೋರಿಸಿ ಅಂದಳು: "ಅವು ಕೂತ ಮಟ್ಟದಲ್ಲಿ ಗಾಳಿ ಬೀಸಬಾರದು. ತಲೆ ಮೇಲೆ ಹಾದು ಹೋಗಬೇಕು. ಕೋಳಿಗೂಡು ಅಂದ್ರೆ ನಿಮ್ಮ ಕಾರ್ಖಾನೆ ಬಾಗಿಲಲ್ಲ ಅಣ್ಣ."

ಬಡಗಿ ಗರಗಸ ತಂದ. ತಾನು ಕೂರಿಸಿದ್ದನ್ನು ತಾನೇ ಕೊಯ್ಯುವುದು ಅವನ ಕೈಗೆ ಹೊಸದು. ಮೊದಲ ಎಳೆತಕ್ಕೆ ಗರಗಸ ಜಾರಿತು. ಸೂರಿನ ಕೆಳಗೆ ಉದ್ದಕ್ಕೂ ಮೂರು ಬೆರಳು, ಅಕ್ಕನ ಅಳತೆಗೇ ತೆಗೆದ. ಗೂಡಿನ ನೆಲಕ್ಕೆ ಹಾಸಿದ್ದ ಒದ್ದೆ ಮರದ ಹೊಟ್ಟನ್ನೆಲ್ಲ ಬಾಚಿ ಹಾಕಿ ಕಾರ್ಖಾನೆಯಿಂದ ತಂದ ಒಣ ಹೊಟ್ಟನ್ನು ಮೊಣಕಾಲುದ್ದ ತುಂಬಿದ. ಕೆಲಸ ಮಾಡುತ್ತ ಮಾಡುತ್ತ ಅವನಿಗೆ ಇಪ್ಪತ್ತೆರಡು ಚಳಿಗಾಲ ನೆನಪಾಯಿತು. ಅಕ್ಕ ಅಡುಗೆಮನೆಯ ಕಿಟಕಿಯನ್ನು ಒಂದಿಷ್ಟು ತೆರೆದಿಡುತ್ತಿದ್ದಳು, ಇವನು ಮುಚ್ಚುತ್ತಿದ್ದ, ಅವಳು ಮತ್ತೆ ತೆರೆಯುತ್ತಿದ್ದಳು. ಯಾಕೆ ಅಂತ ಇವನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅವಳು ಒಂದು ಗಂಟೆ ಹೇಳುತ್ತಿದ್ದಳು.

ನರ್ಸಮ್ಮ ಬೂದಿಯನ್ನು ತನ್ನ ಕೋಳಿಗಳಿಂದ ದೂರ, ಬಚ್ಚಲ ಪಕ್ಕದ ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡಳು. ಸಂಜೆ ವಿಚಾರಿಸಲು ಹೋದರೆ, "ಒಳಗೆ ಬನ್ನಿ ಅಣ್ಣ, ಬಿಸಿಯಾಗಿ ಏನಾದ್ರೂ ಕುಡೀರಿ" ಅನ್ನುತ್ತಿದ್ದಳು. "ಕೆಲಸ ಇದೆ," ಅಂದು ಹೊಸ್ತಿಲಿಂದಲೇ ತಿರುಗುತ್ತಿದ್ದ. ಮನೆಗೆ ಬಂದರೆ ಕೆಲಸವೇನೂ ಇರುತ್ತಿರಲಿಲ್ಲ. ಕೋಳಿಗೂಡಿನ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದ. ಕೂತು ಕೂತು ಒಂದು ದಿನ, "ಇವತ್ತು ಚಳಿ ಜಾಸ್ತಿ," ಅಂದ. ಮಹಾರಾಣಿ ಕೊಕ್ ಅಂದಿತು. ಅವನು ಮಣೆಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡ.

ಬೂದಿ ಹದಿನೈದು ದಿನಕ್ಕೆ ಸೀನುವುದು ಬಿಟ್ಟು ತನ್ನ ಗೂಡಿಗೆ ಮರಳಿತು. ಚಳಿ ಸಡಿಲಿತು. ಕೆಲಸದ ಕೊನೆಯ ದಿನ ಕಾರ್ಖಾನೆಯವರು ಕೈ ಕುಲುಕಿ ಕಳಿಸಿದರು. ಹೊರಡುವ ದಿನ ಅವನು ಸಾಮಾನನ್ನು ಗಾಡಿಗೆ ಹೇರಿ ಕಳಿಸಿ, ಕೋಳಿಗಳನ್ನು ಬುಟ್ಟಿಯಲ್ಲಿಟ್ಟು ನರ್ಸಮ್ಮನ ಮನೆಗೆ ಹೊತ್ತೊಯ್ದ. ಅವಳು ಒಂದೊಂದನ್ನೂ ಎತ್ತಿ ಮೂಗು ನೋಡಿದಳು.

"ಇವುಗಳ ಜುಟ್ಟೂ ತುದೀಲಿ ಮೊಂಡಾಗಿದೆ. ಪರವಾಗಿಲ್ಲ, ಇವರಿಗೇನು ಗಂಡು ಹುಡುಕಬೇಕಾ?" ಅಂದಳು. "ನಾಲ್ಕೇ ಇವೆಯಲ್ಲ?"

"ಮಹಾರಾಣಿ ಸಿಗಲಿಲ್ಲ."

ಅದು ಗೋಡೆಯ ಮೇಲೆ, ಸೂರಿನ ಮೇಲೆ, ಮತ್ತೆ ಗೋಡೆಯ ಮೇಲೆ ಅಂತ ಮಧ್ಯಾಹ್ನವೆಲ್ಲ ಆಟ ಆಡಿಸಿತು. ಬಸ್ಸು ಹೋಯಿತು. ಸಂಜೆಗೆ ಇನ್ನೊಂದು ಬಸ್ಸಿತ್ತು. ಅವನು ಬರಿದಾದ ಅಡುಗೆಮನೆಯ ನೆಲದ ಮೇಲೆ ಕೂತು ಕಾದ. ಬೆಳಕು ಇಳಿಯುತ್ತಿದ್ದಂತೆ ಕೋಳಿ ತಾನಾಗಿಯೇ ಇಳಿದು ಬಂತು. ಖಾಲಿ ಗೂಡಿನೊಳಗೆ ಹೋಗಿ ಹಲಗೆ ಹತ್ತಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಆರು ಕೋಳಿ ಒತ್ತಿಕೊಂಡು ಕೂರುತ್ತಿದ್ದ ಜಾಗದಲ್ಲಿ ಒಂದೇ ಒಂದು, ಒಂದು ತುದಿಯಲ್ಲಿ, ಪಕ್ಕದವರಿಗೆ ಜಾಗ ಬಿಟ್ಟು ಕೂತಿತು.

ಬಡಗಿ ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡ. ಅದು ಕೊಸರಲಿಲ್ಲ.

"ಅವೆಲ್ಲ ಅಲ್ಲಿವೆ," ಅಂದ. "ಗೋಡೆಯಾಚೆನೇ. ನರ್ಸಮ್ಮ ಒಳ್ಳೆಯವಳು, ಮಾತೂ ಆಡ್ತಾಳೆ. ನಮ್ಮಕ್ಕನಷ್ಟು ಅಲ್ಲ."

ಕೋಳಿಯನ್ನು ಕೋಟಿನೊಳಗೆ ಸೇರಿಸಿ, ಒಂದು ಕೈಯಲ್ಲಿ ಚೀಲ ಹಿಡಿದು ನರ್ಸಮ್ಮನ ಮನೆಯ ಕಡೆ ಹೊರಟ. ಬೀದಿಯ ಉದ್ದಕ್ಕೂ ಕೋಟಿನೊಳಕ್ಕೆ ಏನೋ ಹೇಳುತ್ತ ಹೋದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು. ಅವನು ನಿಲ್ಲಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ.