ಬರ್ನಡೀನಳ ಏಪ್ರನ್ನಿಗೆ ಬಿದ್ದ ಬೊಟ್ಟುಗಳು

ನಮ್ಮೂರಿನಲ್ಲಿ ಮಿಸಿಸಿಪ್ಪಿ ನದಿಯನ್ನು ಕಂಡುಹಿಡಿದವರು ಮೇಯರ್ ಹಾರ್ಲನ್ ವೋಗ್ಟ್. ಅವರಿಗಿಂತ ಮುಂಚೆಯೂ ಅದು ಅಲ್ಲೇ ಹರಿಯುತ್ತಿತ್ತು, ನಿಜ. ಆದರೆ ಅದರ ದಂಡೆಯ ಭವಿಷ್ಯದ ಬಗ್ಗೆ ಯಾರೂ ಭಾಷಣ ಮಾಡಿರಲಿಲ್ಲ. ಮೇಯರ್ ಮಾಡಿದರು. ಆಮೇಲೆ ದೊಡ್ಡ ಊರಿನಿಂದ ಪ್ರೆಸ್ಕಾಟ್ ಎಂಬ ಯೋಜನಾ ತಜ್ಞನನ್ನೂ ಕರೆಸಿದರು. ಗಾಜಿನ ಕಟ್ಟೆ, ಬಣ್ಣದ ಕಾರಂಜಿ, 'ಮೌನವಾಗಿ ಕೂರುವ ತಾಣ' ಎಲ್ಲವನ್ನೂ ಅವನು ಬಾಗಿಲಷ್ಟಗಲದ ನಕ್ಷೆಯಲ್ಲಿ ಬರೆದು ತಂದ. ಮೌನವಾಗಿ ಕೂರುವ ತಾಣ ಬಂದು ಕೂತಿದ್ದು ಸರಿಯಾಗಿ ಬರ್ನಡೀನ್ ಕ್ರುಷ್ಕಾ ಮೀನು ಕರಿದು ಮಾರುವ ಶೆಡ್ಡಿನ ಮೇಲೆ.

ಬರ್ನಡೀನಳಿಗೂ ಮೌನಕ್ಕೂ ಅಷ್ಟಕ್ಕಷ್ಟೆ. ತಟ್ಟೆ ರೆಡಿ ಎಂದು ಅವಳು ಕೂಗಿದರೆ ಆಚೆ ದಡದ ಮಿನೆಸೋಟ ರಾಜ್ಯದವರೂ ಎದ್ದು ನಿಲ್ಲಬೇಕು. ಗಂಡ ಲೆಸ್ಟರ್ ಸರಕಿನ ದೋಣಿಯಲ್ಲಿ ಹಗ್ಗ ಎಳೆಯುತ್ತಿದ್ದ. ಅವನ ಬೆನ್ನು ಕೈಕೊಟ್ಟಾಗ ಇವಳು ದಂಡೆಯಲ್ಲಿ ತಗಡು ನಿಲ್ಲಿಸಿ ಎಣ್ಣೆ ಕಾಯಲಿಟ್ಟಳು. ಲೆಸ್ಟರ್ ತೀರಿಕೊಂಡ ವಾರವೂ ಶುಕ್ರವಾರ ಶೆಡ್ಡು ತೆರೆದಿತ್ತು. "ಮನೇಲಿ ಅಳ್ತಾ ಕೂತ್ರೆ ಮೀನು ತಾನೇ ಹೋಗಿ ಎಣ್ಣೆಗೆ ಬೀಳ್ತದಾ?" ಎಂದಿದ್ದಳು. ಈಗ ಎರಡೂ ಮಂಡಿ ರಿಪೇರಿಯಾಗಿವೆ, ಬಾಯಿ ಮಾತ್ರ ಒರಿಜಿನಲ್.

ನಕ್ಷೆ ನೋಡಿದ ದಿನ ಅವಳು ಮೊದಲ ಬಾರಿಗೆ ಮೆತ್ತಗೆ ಮಾತಾಡಿದಳು: "ಶೆಡ್ಡು ಹೋದ್ರೆ ನಾನು ಸೋಫಾದ ಮೇಲೆ ಕೂತು ಟೀವಿಗೆ ಬೈಕೊಂಡು ಸಾಯ್ಬೇಕಷ್ಟೆ."

ನಿರ್ಧಾರ ಜನರದ್ದು ಎಂದರು ಮೇಯರ್. ತಲೆಗೊಂದಿಷ್ಟು ಹಸಿರು ಸ್ಟಿಕ್ಕರ್ ಬೊಟ್ಟು ಕೊಡುತ್ತಾರೆ. ನಕ್ಷೆಯಲ್ಲಿ ಬೇಕೆನಿಸಿದ ಕಡೆ ಅಂಟಿಸಬೇಕು. ಹೆಚ್ಚು ಬೊಟ್ಟು ಬಿದ್ದದ್ದು ಉಳಿಯುತ್ತದೆ. ಪ್ರೆಸ್ಕಾಟ್ ಸಭೆ ಇಟ್ಟಿದ್ದು ಈಸ್ಟರಿಗೆ ಮುಂಚಿನ ಉಪವಾಸಕಾಲದ ಒಂದು ಶುಕ್ರವಾರ ಸಂಜೆ. ಅಂದು ನಮ್ಮಲ್ಲಿ ಮಾಂಸ ಮುಟ್ಟುವವರಿಲ್ಲ, ಮೀನು ಬಿಡುವವರಿಲ್ಲ. ಪ್ರೆಸ್ಕಾಟ್ ಹೊಸಬ, ಅವನಿಗೆ ಗೊತ್ತಿರಲಿಲ್ಲ. ಮೇಯರಿಗೆ ಹೊಳೆಯಬೇಕಿತ್ತು, ಅವರು ಭಾಷಣ ತಿದ್ದುತ್ತಿದ್ದರು.

ಪುರಭವನಕ್ಕೆ ಬಂದದ್ದು ಅವರಿಬ್ಬರು ಮತ್ತು ಒಂದು ತಟ್ಟೆ ಬಿಸ್ಕತ್ತು. ಊರೆಲ್ಲ ಬರ್ನಡೀನಳ ಶೆಡ್ಡಿನೆದುರು ಸಾಲಾಗಿ ನಿಂತಿತ್ತು. ಕೊನೆಗೆ ಇಬ್ಬರೂ ಬಿಸ್ಕತ್ತು ಮುಗಿಸಿ, ಖಾಲಿ ತಟ್ಟೆಯ ಸಮೇತ ನಕ್ಷೆಯನ್ನು ಹೆಣದಂತೆ ಹೊತ್ತುಕೊಂಡು ಅಲ್ಲಿಗೇ ಬಂದರು.

"ದಯವಿಟ್ಟು ನಿಮ್ಮ ಕನಸಿನ ಜಾಗಕ್ಕೆ ಬೊಟ್ಟಿಡಿ!" ಎಂದ ಪ್ರೆಸ್ಕಾಟ್.

ಇಟ್ಟರು. ನದಿಯ ಮಂಜಿಗೆ ಪ್ಲಾಸ್ಟಿಕ್ ಹೊದೆಸಿದ ನಕ್ಷೆ ಬೆವರುತ್ತಿತ್ತು. ಬೊಟ್ಟುಗಳು ಕಾರಂಜಿಯಿಂದ ಜಾರಿ, ಗಾಜಿನ ಕಟ್ಟೆ ದಾಟಿ, ನದಿಗಿಳಿದು, ನೆಲ ಸೇರಿದವು.

ನಿವೃತ್ತ ಪೋಸ್ಟ್‌ಮ್ಯಾನ್ ಎಲ್ರಾಯ್ ತನ್ನ ಬೊಟ್ಟನ್ನು ಬೆರಳ ತುದಿಯಲ್ಲಿ ಹಿಡಿದು ಅತ್ತಿತ್ತ ನೋಡಿದ. ಒಲೆಯ ಬಿಸಿಗೆ ಗರಿಗರಿಯಾಗಿದ್ದ ಬರ್ನಡೀನಳ ಏಪ್ರನ್ ಕಣ್ಣಿಗೆ ಬಿತ್ತು. ಅದರ ಭುಜಪಟ್ಟಿಗೆ ಒತ್ತಿದ.

"ಇಲ್ಲಿ ನಿಲ್ತದೆ ಕಣ್ರೋ!"

"ಏಯ್ ಮುದುಕ, ಕಚಗುಳಿ ಆಗ್ತದೆ!"

"ಅಲ್ಲಾಡ್ಬೇಡ ಮಾರಾಯ್ತಿ, ಮತದಾನ ನಡೀತಿದೆ."

ಆಮೇಲೆ ಹಿಡಿಯುವವರಿಲ್ಲ. ತಟ್ಟೆ ತೆಗೆದುಕೊಂಡವನು ಒಂದು, ಉಪ್ಪು ಕೇಳಿದವಳು ಎರಡು, ಪಾದ್ರಿಗಳು ನಾಚಿಕೊಂಡು ಜೇಬಿನ ಮೇಲೊಂದು. ಬರ್ನಡೀನ್ ನಗುತ್ತಾ ಮೀನು ತಿರುವುತ್ತಿದ್ದಳು. ನಕ್ಕಷ್ಟೂ ಹಸಿರು ಕುಲುಕುತ್ತಿತ್ತು.

"ನಿಲ್ಸಿ! ಇದು ಲೆಕ್ಕಕ್ಕಿಲ್ಲ!" ಮೇಯರ್ ಬಿಸ್ಕತ್ತಿನ ಖಾಲಿ ತಟ್ಟೆ ಬಡಿದರು. "ನಕ್ಷೆ ಮೇಲಿರೋ ಬೊಟ್ಟು ಮಾತ್ರ ಲೆಕ್ಕ. ನಿಯಮ ಅಂದ್ರೆ ನಿಯಮ!"

ಸಾಲು ತಣ್ಣಗಾಯಿತು.

"ಹೌದಾ ಹಾರ್ಲನ್?" ಬರ್ನಡೀನ್ ಸೊಂಟದ ಗಂಟು ಬಿಚ್ಚಿದಳು. ಅವಳನ್ನು ಏಪ್ರನ್ ಇಲ್ಲದೆ ಊರು ಕಂಡಿದ್ದು ಚರ್ಚಿನಲ್ಲಿ ಮಾತ್ರ. ಅದನ್ನು ಕೊಡವದೆ ತಂದು, ನಕ್ಷೆಯ ಮೇಲೆ ತನ್ನ ಶೆಡ್ಡಿನ ಜಾಗದಲ್ಲಿ, ಮೌನವಾಗಿ ಕೂರುವ ತಾಣವನ್ನು ಮುಚ್ಚುವಂತೆ ಕ್ಲಿಪ್ಪು ಹಾಕಿದಳು. "ಈಗ ನಕ್ಷೆ ಮೇಲೇ ಇದೆ. ಎಣಿಸ್ಕೋಪ್ಪ."

ಮೇಯರ್ ಪ್ರೆಸ್ಕಾಟನನ್ನು ನೋಡಿದರು. ಪ್ರೆಸ್ಕಾಟನ ಬಾಯಿತುಂಬ ಮೀನಿತ್ತು. ನುಂಗಿ, ತುಟಿ ಒರೆಸಿಕೊಂಡು, "ತಾಂತ್ರಿಕವಾಗಿ ಅವ್ರು ಹೇಳೋದು ಸರಿ ಸಾರ್. ಇನ್ನೊಂದು ತುಂಡು ಸಿಗ್ತದಾ ಮೇಡಂ?" ಎಂದ.

"ಸಾಲಲ್ಲಿ ಬಾ," ಎಂದಳು ಬರ್ನಡೀನ್. "ಹಾರ್ಲನ್, ನೀನೂನೂ. ಮೇಯರಿಗೆ ಬೇರೆ ಸಾಲಿಲ್ಲ."

ತಿದ್ದಿದ ನಕ್ಷೆ ಈಗ ಬಂದಿದೆ. ಶೆಡ್ಡು ಇದ್ದಲ್ಲೇ ಇದೆ. ಮೌನವಾಗಿ ಕೂರುವ ತಾಣವನ್ನು ಪುರಭವನದೊಳಕ್ಕೆ ಸ್ಥಳಾಂತರಿಸಿದ್ದಾರೆ. ಶುಕ್ರವಾರ ಸಂಜೆ ಅಲ್ಲಿ ಮೌನ ಧಾರಾಳವಾಗಿ ಸಿಗುತ್ತದೆ.