ಬುಜ್ಜಿಗೊಬ್ಬ ಗುರು

ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಕೋದಂಡರಾಮಪ್ಪ ನನ್ನ ಗೆಳೆಯ. ಅವನು ಕೆತ್ತಿದ ದೇವರುಗಳನ್ನು ಊರೂರಿಗೆ ಮುಟ್ಟಿಸುವುದು ನನ್ನ ಲಗೇಜ್ ಆಟೊ. ಅವನಂಥ ಮೊಂಡನನ್ನು ನಾನು ಕಂಡಿಲ್ಲ. ಆ ಮೊಂಡ ಅರವತ್ತು ದಾಟಿದ ಮೇಲೆ ಒಂದು ಬಿಳಿ ಪಮೇರಿಯನ್ ನಾಯಿಗೆ ಸೋತುಹೋದ. ಮಗ ಶಿವಕುಮಾರ್ ತನ್ನ ಮಗಳಿಗೆಂದು ತಂದಿದ್ದು. ಮಗುವಿಗೆ ಎರಡೇ ತಿಂಗಳಲ್ಲಿ ಬೇಸರವಾಯಿತು, ಅಜ್ಜನಿಗೆ ಆಗಲಿಲ್ಲ. ಬುಜ್ಜಿ ಎಂದು ಹೆಸರಿಟ್ಟ. ಸುತ್ತಿಗೆಯ ಸದ್ದಿನಲ್ಲೂ ಅದು ಅವನ ಕಾಲ ಬಳಿ ಕಲ್ಲುಪುಡಿಯಲ್ಲಿ ಹೊರಳಿ ನಿದ್ದೆ ಹೊಡೆಯುತ್ತಿತ್ತು.

ಅದಕ್ಕಿದ್ದದ್ದು ಒಂದೇ ಚಾಳಿ. ಕೋದಂಡ ಎಲ್ಲಿಗೆ ಹೊರಟರೂ ಹಿಂದೆಯೇ ರಸ್ತೆಗೆ ನುಗ್ಗುವುದು. ಕಲ್ಲಿನ ಲಾರಿಗಳು ಓಡಾಡುವ ರಸ್ತೆ ಅದು. ಒಂದು ದಿನ ಚಕ್ರ ಬಾಲ ಸವರಿಕೊಂಡೇ ಹೋಯಿತು.

"ಟ್ರೈನರ್ ಹತ್ರ ಬಿಡಪ್ಪ. ಇಲ್ದಿದ್ರೆ ಒಂದಿನ ರೋಡಿಂದ ಬಾಚ್ಕೊಂಡು ಬರಬೇಕಾಗುತ್ತೆ" ಎಂದ ಶಿವಕುಮಾರ್. ಕೋದಂಡ ಅವತ್ತು ಊಟ ಮಾಡಲಿಲ್ಲ.

ಮೊದಲು ಮಾಲೂರಿನ ಶೋಭಾರಾಣಿ ಎಂಬ ಟ್ರೈನರ್ ಮನೆಗೆ ಹೋದೆವು. ಆಕೆಯ ನಾಯಿಗಳು ನನ್ನ ಪಂಚೆ ಮೂಸಿ, ಕೋದಂಡನ ಕೈ ನೆಕ್ಕಿ, ಹಜಾರವೆಲ್ಲ ಕುಣಿದಾಡಿದವು. "ಮೂರು ತಿಂಗಳು ಬೇಕು ಸಾರ್. ನಾನೇ ಮನೆಗೆ ಬರ್ತೀನಿ. ನಾಯಿಗಿಂತ ಮೊದ್ಲು ನೀವು ಕಲೀಬೇಕು" ಎಂದಳು.

ಹೊರಗೆ ಬಂದವನೇ ಕೋದಂಡ ಉರಿದುಬಿದ್ದ. "ಈಯಮ್ಮನ ನಾಯಿಗಳೇ ಈಯಮ್ಮನ ಮಾತು ಕೇಳಲ್ಲ. ನಂಗೆ ಕಲಿಸ್ತಾಳಂತೆ!"

ಆಮೇಲೆ ಕೋಲಾರದ ಹೊರಗಿನ ಮುರಳಿಮೋಹನ್. ಅಲ್ಲಿ ಎಂಟು ನಾಯಿಗಳು ಸಾಲಾಗಿ ಕೂತಿದ್ದವು. ಮುಂದೆ ಬಿಸ್ಕತ್ತು ಎಸೆದ, ಒಂದೂ ಕದಲಲಿಲ್ಲ. ನಲವತ್ತು ವರ್ಷ ಕಲ್ಲು ನೋಡಿದ ಕಣ್ಣು ಕೋದಂಡನದು, ಅಲ್ಲಾಡದೆ ಕೂತದ್ದೆಲ್ಲ ಅದಕ್ಕೆ ಚೆಂದ. "ನೋಡೋ, ವಿಗ್ರಹ ಕೂತಂಗೆ ಕೂತವೆ!"

ಕೊನೆಯ ನಾಯಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಅದನ್ನು ತೋರಿಸಿದೆ.

"ನಮ್ಮ ಗುರುಗಳು ಉಳೀಲೇ ಬೆರಳಿಗೆ ಕೊಡ್ತಿದ್ರು. ಏಟಿಲ್ದೆ ವಿದ್ಯೆ ಬರುತ್ತೇನ್ಲಾ?"

ನಾನು ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದು.

ಬುಜ್ಜಿಯನ್ನು ಅವನ ಹತ್ತಿರವೇ ಬಿಟ್ಟೆವು. ಇಪ್ಪತ್ತೊಂದು ದಿನದ ಮೇಲೆ ಅದು ಮನೆಗೆ ಬಂತು. ಬೊಗಳುವುದಿಲ್ಲ, ಹೊರಳುವುದಿಲ್ಲ. "ಕೂತ್ಕೋ" ಅಂದರೆ ಕೂರುತ್ತದೆ, "ಏಳು" ಅನ್ನುವವರೆಗೆ ಏಳುವುದಿಲ್ಲ. ಕೋದಂಡ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ಇನ್ನು ಲಾರಿ ಭಯ ಇಲ್ಲ ಕಣೋ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡ. ಅವನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ.

ಏಪ್ರಿಲ್‌ನ ಒಂದು ಬುಧವಾರ ಮುಳಬಾಗಿಲಿಗೆ ಗಣಪತಿ ವಿಗ್ರಹ ಮುಟ್ಟಿಸಬೇಕಿತ್ತು. ಮನೆಯವರೆಲ್ಲ ಶ್ರೀನಿವಾಸಪುರಕ್ಕೆ ಮದುವೆಗೆ ಹೋಗಿದ್ದರು. ಕೋದಂಡ ಕಾಂಪೌಂಡ್ ಗೋಡೆಯ ನೆರಳಲ್ಲಿ "ಕೂತ್ಕೋ" ಎಂದು ಬುಜ್ಜಿಯನ್ನು ಕೂರಿಸಿ, ಪಕ್ಕದಲ್ಲಿ ನೀರಿಟ್ಟ.

"ಒಳಗೆ ಬಿಡೋ" ಎಂದೆ.

"ಶೀಟಿನ ಮನೆ, ಬೆಂದೋಗುತ್ತೆ. ನೆರಳಲ್ಲಿರ್ಲಿ. ಎರಡು ಗಂಟೆಗೆಲ್ಲ ಬರ್ತೀವಲ್ಲ."

ಮುಳಬಾಗಿಲು ಸೇರಿದಾಗ ಹನ್ನೆರಡು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅದು ಕಳೆಯುವ ತನಕ ದೇವರನ್ನು ಕೆಳಗಿಳಿಸುವ ಹಾಗಿಲ್ಲ ಎಂದರು ದೇವಸ್ಥಾನದವರು. ಒಂದೂವರೆ ತಾಸು ಕಾದೆವು. ಆಮೇಲೆ ಪೂಜೆ, ಊಟ ಮಾಡದೆ ಬಿಡುವುದಿಲ್ಲವೆಂಬ ಹಟ. ವಾಪಸಾದಾಗ ನಾಲ್ಕು ದಾಟಿತ್ತು.

ನೆರಳು ಯಾವಾಗಲೋ ಗೋಡೆಯ ಆಚೆ ಬದಿಗೆ ಹೋಗಿತ್ತು. ಬೆಳಿಗ್ಗೆ ಕೂತ ಜಾಗದಲ್ಲೇ, ಉರಿಬಿಸಿಲಲ್ಲಿ, ಬುಜ್ಜಿ ಮುಂಗಾಲ ಮೇಲೆ ತಲೆಯಿಟ್ಟು ಬಿದ್ದಿತ್ತು. ಉಸಿರಿರಲಿಲ್ಲ. ಮೊಳ ದೂರದ ಬಟ್ಟಲಿನಲ್ಲಿ ನೀರು ಹಾಗೆಯೇ ಇತ್ತು. ಗೇಟು ತೆರೆದೇ ಇತ್ತು.

"ಏಳು" ಎಂದ ಕೋದಂಡ. "ಏಳೇ ಬುಜ್ಜಿ. ಏಳು ಅಂದ್ನಲ್ಲ."

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಅವನು ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಅದರ ತಲೆಯನ್ನು ತೊಡೆಗೆ ಎಳೆದುಕೊಂಡು ಕೇಳಿದ:

"ಒಂದೇ ಒಂದ್ಸಲ ನನ್ನ ಮಾತು ಮೀರಿದ್ರೆ ನಾನೇನು ನಿನ್ನ ಕೊಲ್ತಿದ್ನೇನೇ?"